ಏಳನೇ ಬಾಗಿಲಿನ ಹತ್ತು ನಿಮಿಷ

ಮಾನ್ಯ ಅಧ್ಯಕ್ಷರಾದ ರೇವಣಪ್ಪನವರೇ, ಇಂದಿನ ಸನ್ಮಾನಿತರೂ ನನ್ನ ಬಾಲ್ಯವನ್ನೆಲ್ಲ ಅರ್ಧ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟವರೂ ಆದ ಭೀಮಶಾ ಕಾಕಾ ಅವರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕ ಗಣ್ಯರೇ, ಕೆಳಗೆ ಫ್ಯಾನಿನ ಗಾಳಿ ಸಿಕ್ಕ ಪುಣ್ಯವಂತರೇ, ಊಟದ ವಾಸನೆ ಹಿಡಿದು ಹಿಂದಿನ ಬಾಗಿಲಲ್ಲೇ ನಿಂತಿರುವ ದೂರದೃಷ್ಟಿಯ ಸಭಿಕರೇ,

ಸನ್ಮಾನದ ನಾಲ್ಕು ಮಾತು ಆಡುವ ಮೊದಲು ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಕಳ್ಳ. ಹೌದು, ಉದಗೀರದ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ವಾಣಿಜ್ಯಶಾಸ್ತ್ರ ಕಲಿಸುತ್ತಿರುವ, ಹೆಸರಿನಲ್ಲಿ ಮಾತ್ರ ಧನವಿರುವ ಈ ಧನರಾಜ ಕಳ್ಳ. ಕದ್ದದ್ದು ರೊಕ್ಕವಲ್ಲ, ಬಂಗಾರವಲ್ಲ, ಯಾರ ಹೊಲದ ಕಬ್ಬೂ ಅಲ್ಲ. ಹತ್ತು ನಿಮಿಷ. ಇಪ್ಪತ್ತೆಂಟು ವರ್ಷದ ಹಿಂದೆ, ಇದೇ ಕಾಸಾರಶಿರಸಿಯಲ್ಲಿ, ಒಂದು ರವಿವಾರ ಮುಂಜಾನೆ, ಭೀಮಶಾ ಕಾಕಾ ಅವರ ಅಂಗಡಿಯ ಗೋಡೆಯಿಂದ ಹತ್ತು ನಿಮಿಷ ಕದ್ದೆ. ನಮ್ಮನ್ನು ಆಟದಂಗಡಿಯಲ್ಲಿ ಕಂಡಾಗಲೆಲ್ಲ ಹಿರಿಯರು ಕಾಲಹರಣ ಮಾಡುತ್ತಾರೆ ಎಂದು ಬೈಯುತ್ತಿದ್ದರು. ಉಳಿದ ಹುಡುಗರು ಮಾಡಿದ್ದು ಬರೀ ಆಟ. ಸೀತಾಪಹರಣದ ಹಾಗೆ ಕಾಲದ ಅಪಹರಣವನ್ನೇ ಮಾಡಿದವನು ಮಾತ್ರ ನಾನೊಬ್ಬನೇ.

ಅಧ್ಯಕ್ಷರು ಈಗಲೇ ಕೈಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ನೋಡಬೇಕಾದದ್ದೇ. ಈ ಕಥೆ ಅವರಿಗೂ ಗಡಿಯಾರಕ್ಕೂ ಸಂಬಂಧಪಟ್ಟದ್ದು.

ಇಂದು ಎರಡು ಕಾರ್ಯಕ್ರಮ. ಒಂದು, ಭೀಮಶಾ ಕಾಕಾ ಅವರ ಅಂಗಡಿಗೆ ಮೂವತ್ತು ತುಂಬಿದ ಸಂತೋಷಕ್ಕೆ ಹಳೆಯ ಗಿರಾಕಿಗಳು ಮಾಡುತ್ತಿರುವ ಸನ್ಮಾನ. ಟಿ.ವಿ. ಆಟದ ಅಂಗಡಿಯಾಗಿ ಹುಟ್ಟಿ, ಟೆಲಿಫೋನ್ ಬೂತಾಗಿ ಬೆಳೆದು, ಈಗ ಮೊಬೈಲ್ ಅಂಗಡಿಯಾಗಿ ನಿಂತಿದೆ. ಇನ್ನೊಂದು, ಅವರ ಮಗಳು, ನನ್ನ ವಿದ್ಯಾರ್ಥಿನಿ ಸ್ವಪ್ನಾಲಿ ಬರೆದ ಸಂಶೋಧನಾ ವರದಿಯ ಬಿಡುಗಡೆ. ವಿಷಯ ಕೇಳಿ, ಉಸಿರು ಹಿಡಿದು ಕೇಳಿ: "ಹಣ ಕೊಟ್ಟು ಇಳಿಸಿಕೊಳ್ಳುವ ಹೆಚ್ಚುವರಿ ಭಾಗಗಳು ಮತ್ತು ಆಟದ ಉದ್ದ, ಇವು ಆಟ ಕೊಳ್ಳುವವರ ನಿರ್ಧಾರವನ್ನು ಬದಲಿಸುತ್ತವೆಯೇ?" ಇಂಥ ಹೆಚ್ಚುವರಿ ಭಾಗಕ್ಕೆ ಪೇಟೆಯಲ್ಲಿ ಡಿ.ಎಲ್.ಸಿ. ಅನ್ನುತ್ತಾರೆ. ನಮ್ಮ ತಾಯಿ ಶಿವಕಾಂತಮ್ಮನವರಿಗೆ ಅದು ಎಲ್.ಐ.ಸಿ. ಅಂತ ಕೇಳಿಸಿತು. ನಾನು ತಿದ್ದಲಿಲ್ಲ. ಕಂತು ಕಟ್ಟುವುದು ಎರಡರಲ್ಲೂ ಇದೆಯಲ್ಲ! ವ್ಯತ್ಯಾಸ ಇಷ್ಟೇ: ಅಲ್ಲಿ ಸತ್ತ ಮೇಲೆ ರೊಕ್ಕ ಬರುತ್ತದೆ, ಇಲ್ಲಿ ಸತ್ತ ಮೇಲೆ ಇನ್ನೊಂದು ಜೀವಕ್ಕೆ ರೊಕ್ಕ ಕೊಡಬೇಕು.

ಸ್ವಪ್ನಾಲಿ ಉಮರ್ಗಾ, ನಿಲಂಗಾ, ಉದಗೀರ ಸುತ್ತಿ ಇನ್ನೂರು ಫಾರಂ ತುಂಬಿಸಿದಳು. ನಿಲಂಗಾದಲ್ಲಿ ಒಬ್ಬ ಹುಡುಗ ಹೇಳಿದನಂತೆ: "ಅಕ್ಕಾ, ಆಟ ಕಮೀತ್ ಕಮೀ ಐವತ್ತ ತಾಸ ನಡೀಬೇಕ್ ನೋಡ್ರಿ. ಎರಡ ದಿವಸದಾಗ ಮುಗೀತಂದ್ರ ಪೈಸೆ ವಸೂಲ ಹ್ಯಾಂಗ ಆಗ್ತದ?" ಉದಗೀರದ ಒಬ್ಬ ಮಾಸ್ತರರು: "ಉದ್ದ ಆಟ ಬ್ಯಾಡವಾ ತಾಯಿ, ಮನ್ಯಾಗ ಎರಡ ಸಣ್ಣ ಪೋರ ಅವ. ಮೂರ ತಾಸಿನದ ಇದ್ರ ಹೇಳು, ದುಪ್ಪಟ್ ರೊಕ್ಕ ಕೊಡ್ತೀನಿ." ಉಮರ್ಗಾದ ಕಿರಾಣಿ ವ್ಯಾಪಾರಿ ನೀಲೇಶನ ಮಾತಂತೂ ವರದಿಯ ಇಪ್ಪತ್ತನೇ ಪುಟದಲ್ಲಿ ಅಚ್ಚಾಗಿದೆ: "ಪೂರಾ ಆಟ ಅಂತ ಕೊಟ್ಟು, ಆಮ್ಯಾಲ ತುಕಡಾ ತುಕಡಾಕ್ಕ ರೊಕ್ಕ ಕೇಳದಂದ್ರ, ಲಗ್ನ ಮುಗಿದ ಮ್ಯಾಲ ಅಕ್ಷತಾಕ್ಕ ಬ್ಯಾರೆ ಬಿಲ್ ಕೊಟ್ಟಂಗ ಆತು."

ಒಂಬತ್ತನೇ ಪ್ರಶ್ನೆ ಹೀಗಿತ್ತು: ಹೆಚ್ಚುವರಿ ಭಾಗಕ್ಕೆ ನೀವು ಎಂದಾದರೂ ಹಣ ಕೊಟ್ಟಿದ್ದೀರಾ? ನೂರಾ ಅರವತ್ತಮೂರು ಮಂದಿ "ಎಂದೂ ಇಲ್ಲ" ಎಂದು ಬರೆದರು. ಹುಡುಗಿ ಚಾಲಾಕಿ. ಹದಿನಾಲ್ಕನೇ ಪ್ರಶ್ನೆಯಲ್ಲಿ ಮೆಲ್ಲಗೆ ಕೇಳಿದಳು: ನೀವು ಕೊನೆಗೆ ಕೊಂಡ ಹೆಚ್ಚುವರಿ ಭಾಗ ಹೇಗಿತ್ತು? ಅದೇ ನೂರಾ ಅರವತ್ತಮೂರು ಮಂದಿಯಲ್ಲಿ ನೂರಾ ಇಪ್ಪತ್ತು ಮಂದಿ ಸವಿಸ್ತಾರವಾಗಿ, ಕೆಲವರು ಹಾಳೆಯ ಹಿಂಬದಿಗೂ ಹೋಗಿ, ವರ್ಣಿಸಿದ್ದಾರೆ. ಬಾಯಿ ಒಂದು ಹೇಳುತ್ತದೆ, ಮೊಬೈಲು ಇನ್ನೊಂದು ಹೇಳುತ್ತದೆ.

ಆದರೆ ಸಭಿಕರೇ, ಫಾರಂ ನಂಬರ್ ಒಂದು ನನ್ನದು. ಮಾರ್ಗದರ್ಶಕ ಎಂಬ ಗೌರವಕ್ಕೆ ನನ್ನಿಂದಲೇ ಮೊದಲು ತುಂಬಿಸಿಕೊಂಡಳು. ಒಂಬತ್ತನೆಯದಕ್ಕೆ ಎದೆ ತಟ್ಟಿ "ಎಂದೂ ಇಲ್ಲ" ಎಂದು ಬರೆದೆ, ಹದಿನಾಲ್ಕನೆಯದಕ್ಕೆ ಗೆರೆ ಎಳೆದೆ. ಯಾಕೆಂದರೆ ಹೆಚ್ಚುವರಿ ಭಾಗವನ್ನು ಬಿಡಿಗಾಸು ಕೊಡದೆ ನೋಡಿ ಬಂದ ಕಾಸಾರಶಿರಸಿಯ ಏಕೈಕ ಮನುಷ್ಯ ನಾನು. ಬಿಡಿಸಿ ಹೇಳುತ್ತೇನೆ.

ಆಗ ನನಗೆ ಹದಿಮೂರು ವರ್ಷ. ಮಠದ ಪಕ್ಕದ ಓಣಿಯಲ್ಲಿ ಕಾಕಾ ಅವರ ಅಂಗಡಿ. ತಗಡಿನ ಬಾಗಿಲು, ಒಂದು ಟಿ.ವಿ., ಬೆವರಿಗೆ ಅಂಟಂಟಾದ ಎರಡು ರಿಮೋಟು, ಮೂರು ಸ್ಟೂಲು, ಟಿ.ವಿ.ಯ ನೆತ್ತಿಯ ಮೇಲೆ ಗೋಡೆ ಗಡಿಯಾರ. ಅರ್ಧ ಗಂಟೆಗೆ ಮೂರು ರೂಪಾಯಿ. ಬಿಸಿಯಾದ ಪ್ಲಾಸ್ಟಿಕ್ಕು, ಊದಿನಕಡ್ಡಿ, ಯಾರದೋ ಡಬ್ಬಿಯ ಶೇಂಗಾ ಹಿಂಡಿ, ಮೂರೂ ಬೆರೆತ ಆ ವಾಸನೆ ಈಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ಕ್ಯಾಸೆಟ್ ಕೈಕೊಟ್ಟರೆ ಕಾಕಾ ಅದನ್ನು ಹೊರಗೆ ತೆಗೆದು, ಶಿವನಾಮ ಹೇಳಿ, ಬಾಯಿಂದ ಊದಿ ಹಾಕುತ್ತಿದ್ದರು. ಆಟ ಶುರುವಾಗುತ್ತಿತ್ತು. ಶಿವನ ಕೃಪೆಯೋ ಉಸಿರಿನ ಕೃಪೆಯೋ ಎಂದು ನಾವು ತನಿಖೆ ಮಾಡಲಿಲ್ಲ.

ನಮ್ಮ ಆಟ ಕೋಟೆಯದು. ಪರದೆಯ ಮೇಲೆ ಬರುತ್ತಿದ್ದ ಅಕ್ಷರ ಕನ್ನಡವಲ್ಲ, ಮರಾಠಿಯಲ್ಲ, ಇಂಗ್ಲಿಷೂ ಅಲ್ಲ. ಆದ್ದರಿಂದ ಹೆಸರು ನಾವೇ ಇಟ್ಟೆವು: ಏಳು ಬಾಗಿಲ ಕೋಟೆ. ಒಂದು ಕ್ಯಾಸೆಟ್ಟಿನಲ್ಲಿ ಆರು ಬಾಗಿಲು. ಏಳನೆಯದು ಬೇರೆ ಕ್ಯಾಸೆಟ್ಟಿನಲ್ಲಿ, ಕಾಕಾ ಅವರ ಡ್ರಾಯರಿನಲ್ಲಿ, ಮತ್ತೆ ಎರಡು ರೂಪಾಯಿಗೆ. ಆರನ್ನೂ ದಾಟಿದವನಿಗೆ ಮಾತ್ರ ಅದು. ನೋಡಿ, ಇಂದಿನ ದೊಡ್ಡ ದೊಡ್ಡ ಕಂಪನಿಗಳ ಯುಕ್ತಿಯನ್ನು ಈ ಮನುಷ್ಯ ತಗಡಿನ ಬಾಗಿಲ ಹಿಂದೆ ಆಗಲೇ ನಡೆಸಿದ್ದ! ಇನ್ನೂ ದೊಡ್ಡ ಯುಕ್ತಿ ಉದ್ದದಲ್ಲಿತ್ತು. ಆರು ಬಾಗಿಲಿಗೆ ಮೂವತ್ತೈದು ನಿಮಿಷ ಬೇಕು. ಅರ್ಧ ಗಂಟೆಗೆ ಎಷ್ಟು ನಿಮಿಷ ಎಂದು ನಿಮಗೆ ಗೊತ್ತು. ಹೊರಗೆ ಸರದಿಯಲ್ಲಿ ನಿಂತವರು ಒಬ್ಬನಿಗೆ ಎರಡು ಪಾಳಿ ಬಿಡುತ್ತಿರಲಿಲ್ಲ. ಹೀಗಾಗಿ ಐದನೇ ಬಾಗಿಲಲ್ಲೇ ಊರಿನ ಒಂದು ತಲೆಮಾರು ಸತ್ತು ಹೋಯಿತು.

ಆ ರವಿವಾರ ಹತ್ತೂವರೆಗೆ ನನ್ನ ಪಾಳಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇಂದಿನ ಅಧ್ಯಕ್ಷರು ಬಂದರು. ಆಗ ಅವರು ಅಧ್ಯಕ್ಷರಲ್ಲ, ಕಾಕಾ ಅವರ ಜೀವದ ಗೆಳೆಯ ರೇವ್ಯಾ. ಪ್ರತಿ ಸೋಮವಾರ ಮಠದ ಭಜನೆಯಲ್ಲಿ ರೇವ್ಯಾ ಹಾಡಬೇಕು, ಭೀಮ್ಯಾ ತಬಲಾ ಬಾರಿಸಬೇಕು. ಒಬ್ಬರು ಉಸಿರು ತೆಗೆದುಕೊಳ್ಳುವ ಜಾಗ ಇನ್ನೊಬ್ಬರ ಬೆರಳಿಗೆ ಗೊತ್ತಿರುತ್ತಿತ್ತು. ಅವತ್ತು ರೇವ್ಯಾ ಹನ್ನೊಂದರ ಬಸ್ಸಿಗೆ ಯೆಣೆಗೂರಿಗೆ ಕನ್ಯಾ ನೋಡಲು ಹೊರಟಿದ್ದರು. ಕೈಯಲ್ಲಿ ಗಡಿಯಾರವಿರಲಿಲ್ಲ. ಅದು ಬೀಗರ ಕಡೆಯಿಂದ ಬರಬೇಕಾದ ಸಾಮಾನು.

ಕಾಕಾ ಚಹಾ ತರಲು ಹೊರಗೆ ಹೋದರು. ಹೊರಗೆ ಕಟ್ಟೆಯ ಮೇಲೆ ಕೂತ ರೇವಣಪ್ಪನವರು ಕನ್ನಡಿಯಿಲ್ಲದೆ ತಲೆ ಬಾಚಿಕೊಳ್ಳುವುದರಲ್ಲಿ ತಲ್ಲೀನರಾಗಿದ್ದರು. ನಾನು ಸ್ಟೂಲು ಹತ್ತಿ ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದೆ. ಸಭಿಕರೇ, ನನಗೆ ಬೇಕಾದದ್ದು ಆರನೇ ಬಾಗಿಲು ಮಾತ್ರ. ಬಸ್ಸಿನ ನೆನಪೇ ನನಗಿರಲಿಲ್ಲ.

ಹೊರಗಿನ ಮಾತು ಈಗಲೂ ಕಿವಿಯಲ್ಲಿದೆ. "ಭೀಮ್ಯಾ, ಹೋಗೋಣ್ ನಡಿಲೇ." "ಯಾಕ ಅವಸರ ಮಾಡಲತಿ? ಗಡಿಯಾರ ನೋಡು, ಇನ್ನಾ ಹದಿನೈದ ಮಿಂಟ ಅದ. ಚಾ ಕುಡಿ. ಕನ್ಯಾ ಎಲ್ಲೂ ಓಡಿ ಹೋಗಲ್ಲ." ಚಹಾ ಕುಡಿದು, ಗಡಿಯಾರ ನೋಡಿ, "ಧನ್ಯಾ, ಅಂಗಡಿ ನೋಡಕೋ" ಎಂದು ನನಗೇ ಹೇಳಿ, ಇಬ್ಬರೂ ನಿಧಾನವಾಗಿ ಬಸ್‌ಸ್ಟ್ಯಾಂಡಿಗೆ ನಡೆದರು. ಅಲ್ಲಿ ಬಸ್ಸಿನ ಬದಲು ಬಸ್ಸಿನ ಧೂಳು ಸಿಕ್ಕಿತು. ಅವರು ತಿರುಗಿ ಬರುವಷ್ಟರಲ್ಲಿ ನಾನು ಮುಳ್ಳನ್ನು ಮತ್ತೆ ಸರಿಯಾದ ಜಾಗಕ್ಕೆ ತಂದಿಟ್ಟಿದ್ದೆ.

ಮುಂದಿನ ಬಸ್ಸು ಮಧ್ಯಾಹ್ನದ್ದು. ಯೆಣೆಗೂರಿನವರು ಅಡುಗೆ ಮಾಡಿಕೊಂಡು ದಾರಿ ಕಾಯ್ದು, ಇದು ಅಪಮಾನವೆಂದು ತಿಳಿದು, ಬಾಗಿಲು ಹಾಕಿಕೊಂಡರು. ಅಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತು. ಒಂದು ತಿಂಗಳಲ್ಲಿ ಅದೇ ಕನ್ಯೆಯ ಲಗ್ನ ಜಳಕೋಟದ ವೈಜನಾಥನ ಜೊತೆ ಆಯಿತು. ವೈಜನಾಥ ಯಾರು? ಭೀಮಶಾ ಕಾಕಾ ಅವರ ಸೋದರತ್ತೆಯ ಮಗ! ರೇವಣಪ್ಪನವರು ಓಣಿಯಲ್ಲಿ ನಿಂತು ಹೇಳಿದ್ದನ್ನು ಊರೆಲ್ಲ ಕೇಳಿತು: "ನೀ ಬೇಕಂತನೇ ಗಡಿಯಾರ ಹಿಂದ ಇಟ್ಟಿದ್ದಿ. ಇನ್ನ ಮ್ಯಾಲ ನಿನ್ನ ಅಂಗಡಿ ಪಾಯರಿ ಹತ್ತಿದರ ನಮ್ಮಪ್ಪನ ಮಗ ಅಲ್ಲ." ಕಾಕಾ ಒಂದೇ ಮಾತು ಹೇಳಿದರು: "ನನ್ನ ಗಡಿಯಾರ ಸುಳ್ಳ ಹೇಳಲ್ಲ ರೇವ್ಯಾ." ಹೇಳಿತ್ತು. ಅದರ ಬಾಯಿಂದ ಹೇಳಿಸಿದವನು ಮಠದ ಕಟ್ಟೆಯ ಹಿಂದೆ ಅಡಗಿ ಕೂತಿದ್ದ.

ಮರುದಿನ ಗಡಿಯಾರ ಗೋಡೆಯಿಂದ ಇಳಿಯಿತು. ವಾರದಲ್ಲಿ ಟಿ.ವಿ. ಆಟವೂ ಹೋಯಿತು. ಅಂದಿನಿಂದ ಇಂದಿನವರೆಗೆ ಆ ಅಂಗಡಿಯಲ್ಲಿ ಗಡಿಯಾರವಿಲ್ಲ. ಅಂದಿನಿಂದ ಇಂದಿನವರೆಗೆ ಸೋಮವಾರದ ಭಜನೆಗೆ ತಬಲಾ ಇಲ್ಲ, ಬರೀ ತಾಳ. ಅಂದಿನಿಂದ ಇಂದಿನವರೆಗೆ ಅಧ್ಯಕ್ಷರು ಮೊಬೈಲಿಗೆ ಗಾಜು ಅಂಟಿಸಲು ನಿಲಂಗಾಕ್ಕೆ ಹೋಗುತ್ತಾರೆ. ಇವತ್ತು ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂಡಿಸಲು ನಾವು ಹಳೆಯ ಗಿರಾಕಿಗಳು ಕಾಲು ಹಿಡಿಯಬೇಕಾಯಿತು. ಸ್ವಪ್ನಾಲಿಯ ವರದಿಗೆ ಇದನ್ನೂ ಸೇರಿಸಬಹುದಿತ್ತು: ಕೊಳ್ಳುವವರ ನಿರ್ಧಾರ ಯಾವುದರಿಂದ ಬದಲಾಗುತ್ತದೆ? ಒಬ್ಬ ಹುಡುಗ ಕದ್ದ ಹತ್ತು ನಿಮಿಷದಿಂದ ಇಪ್ಪತ್ತೆಂಟು ವರ್ಷ ಬದಲಾಗುತ್ತದೆ.

ನೀನು ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹದಿಮೂರಕ್ಕೆ ಹೆದರಿಕೆ ಇತ್ತು. ಇಪ್ಪತ್ತಮೂರಕ್ಕೆ ನಾಚಿಕೆ ಇತ್ತು. ಮೂವತ್ತಮೂರಕ್ಕೆ, ಈಗ್ಯಾಕ ಬಿಡು, ಎನ್ನುವ ಜಾಣತನ ಬಂದಿತ್ತು. ಹೋದ ತಿಂಗಳು ವರದಿಗೆ ಸಹಿ ಹಾಕಿಸಲು ಬಂದ ಸ್ವಪ್ನಾಲಿ ಹೇಳಿದಳು: "ಸರ್, ಮನ್ಯಾಗ ಅಪ್ಪನ ತಬಲಾ ಅದ. ಅದರ ಮ್ಯಾಲ ಹಾಸಿಗಿ ಪೇರಸ್ತೇವು. ಅಂವಾ ಬಾರಸೋದು ನಾ ಒಮ್ಮಿಯೂ ಕೇಳಿಲ್ರಿ." ಆ ಮಾತಿನ ಮೇಲೆ ನನ್ನ ಜಾಣತನ ಮುಗಿಯಿತು.

ರೇವಣಪ್ಪಣ್ಣಾ, ಮುಳ್ಳು ತಿರುಗಿಸಿದವನು ನಾನು. ಕಾಕಾ ಅಲ್ಲ. ಈ ಮೇಜಿನ ಮೇಲೆ ನೆನಪಿನ ಕಾಣಿಕೆಯಾಗಿ ಒಂದು ಗೋಡೆ ಗಡಿಯಾರ ಇದೆ. ಅದನ್ನು ಕೊಂಡು ತಂದವನೂ ನಾನೇ. ಅಂಗಡಿಯವನ ಮುಂದೆ ನಾಲ್ಕು ಸಲ ಸಮಯ ಹೊಂದಿಸಿ ತಂದಿದ್ದೇನೆ. ಅದನ್ನು ನಿಮ್ಮ ಕೈಯಿಂದ ಕಾಕಾ ಅವರಿಗೆ ಕೊಡಬೇಕು. ಬೇಕಾದರೆ ಕೊಡುವ ಮೊದಲು ನಿಮ್ಮ ಕೈಗಡಿಯಾರದ ಜೊತೆ ತಾಳೆ ನೋಡಿಕೊಳ್ಳಿ. ಮುಂದಿನ ಸಾಲಿನಲ್ಲಿ ಕೂತ ರಂಭಾಬಾಯಿ ವೈನಿಯವರೇ, ಆ ಬಸ್ಸು ತಪ್ಪದಿದ್ದರೆ ನೀವು ರೇವಣಪ್ಪನವರ ಮನೆ ತುಂಬುತ್ತಿರಲಿಲ್ಲ. ಇಪ್ಪತ್ತೇಳು ವರ್ಷವಾಯಿತು, ಆ ಸಂಸಾರದ ಆಟದ ಉದ್ದದ ಬಗ್ಗೆ ಅಧ್ಯಕ್ಷರು ಈವರೆಗೆ ದೂರಿಲ್ಲ. ಆ ಒಂದು ಲಾಭವನ್ನಾದರೂ ನನ್ನ ಶಿಕ್ಷೆಯಲ್ಲಿ ಕಳೆಯಿರಿ.

ಇಲ್ಲೊಂದು ಚೀಟಿ ಬಂದಿದೆ. ಸಮಯ ಮುಗಿಯಿತು ಎಂದಿರಬೇಕು. ಇಲ್ಲ. ಅಧ್ಯಕ್ಷರ ಅಕ್ಷರ. ಓದುತ್ತೇನೆ: "ಧನ್ಯಾ, ನನ್ನ ಬಸ್ ತಪ್ಪಿಸಿ ಏಳನೇ ಬಾಗಿಲದಾಗ ಏನ ನೋಡಿದಿ, ಅಷ್ಟರ ಹೇಳಿ ಕೂಡು."

ಸಭಿಕರೇ, ಇದಕ್ಕೆ ನಾನು ಸಿದ್ಧನಾಗಿ ಬಂದಿರಲಿಲ್ಲ.

ಏಳನೇ ಬಾಗಿಲ ಬಗ್ಗೆ ನಾನು ಆಗ ಹೇಳಿದ ಕಥೆ ಇಲ್ಲಿರುವ ಹಳೆಯ ಗಿರಾಕಿಗಳಿಗೆಲ್ಲ ಬಾಯಿಪಾಠ. ಒಳಗೆ ಅಂಗಳ, ಅಂಗಳದಲ್ಲಿ ಬಾವಿ, ಬಾವಿಯ ಪಕ್ಕ ಜೋಕಾಲಿ, ಜೋಕಾಲಿಯ ಮೇಲೆ ರಾಣಿ, ರಾಣಿ ನನ್ನ ಕಡೆ ನೋಡಿ ನಕ್ಕಳು. ಒಂದು ಸಲ ಹೇಳಲು ಎರಡು ಪೆಪ್ಪರಮಿಂಟು ತೆಗೆದುಕೊಂಡಿದ್ದೇನೆ. ರಾಣಿಯ ಸೀರೆಯ ಬಣ್ಣಕ್ಕೆ ಮತ್ತೊಂದು. ಈಗ ನಿಜ ಕೇಳಿ. ನೀವಿಬ್ಬರೂ ಸ್ಟ್ಯಾಂಡಿಗೆ ಹೋದ ಮೇಲೆ ನಾನು ಆರನೇ ಬಾಗಿಲು ದಾಟಿದೆ. ಡ್ರಾಯರು ತೆಗೆದೆ. ಎರಡನೇ ಕ್ಯಾಸೆಟ್ಟು ಊದಿ ಹಾಕಿದೆ. ಗುಂಡಿ ಒತ್ತಿದೆ. ಕರೆಂಟು ಹೋಯಿತು. ಉಳಿದ ಸಮಯವೆಲ್ಲ ಕಪ್ಪು ಗಾಜಿನಲ್ಲಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದೆ. ರಾಣಿ ಇರಲಿಲ್ಲ. ಬಾವಿಯೂ ಇರಲಿಲ್ಲ.

ಹೇಳಲು ಶುರು ಮಾಡಿದ ಮೇಲೆ ಪೂರ್ತಿ ಹೇಳಿಬಿಡುತ್ತೇನೆ. ಆ ಕೋಟೆ ಈಗ ಹೊಸ ಬಣ್ಣ ಬಳಿದುಕೊಂಡು ಮೊಬೈಲಿಗೆ ಬಂದಿದೆ. ಆರು ಬಾಗಿಲು ಪುಕ್ಕಟೆ, ಏಳನೆಯದಕ್ಕೆ ಮುನ್ನೂರ ನಲವತ್ತೊಂಬತ್ತು ರೂಪಾಯಿ. ಫಾರಂ ನಂಬರ್ ಒಂದಕ್ಕೆ ಸಹಿ ಹಾಕಿದ ದಿನವೇ, ಸ್ಟಾಫ್ ರೂಮಿನಲ್ಲಿ, ಅದನ್ನು ಕೊಂಡೆ. ಸ್ವಪ್ನಾಲಿ, ನನ್ನ ಒಂಬತ್ತನೇ ಉತ್ತರ ತಿದ್ದಿಕೋ ತಾಯಿ. ಹದಿನಾಲ್ಕನೆಯದಕ್ಕೆ ಮಾತ್ರ ಇನ್ನೂ ಗೆರೆಯೇ ಇರಲಿ. ಏಳನೇ ಬಾಗಿಲು ನನ್ನ ಕಿಸೆಯಲ್ಲೇ ಇದೆ, ಆದರೆ ಆರು ತಿಂಗಳಿಂದ ಮೂರನೆಯದನ್ನು ದಾಟಲು ನನಗೆ ಬರುತ್ತಿಲ್ಲ.

ಅಧ್ಯಕ್ಷರೂ ಕಾಕಾ ಅವರೂ ಒಬ್ಬರ ಭುಜ ಒಬ್ಬರು ಹಿಡಿದು ನಗುತ್ತಿರುವುದು ನನಗೆ ಕಾಣುತ್ತಿದೆ. ನಗಿ. ಇವತ್ತು ಸೋಮವಾರ, ಸಂಜೆ ಮಠದಲ್ಲಿ ಭಜನೆ ಇದೆ. ತಬಲಾದ ಮೇಲಿನ ಹಾಸಿಗೆ ಇಳಿಸಲು ನಾನೇ ಬರುತ್ತೇನೆ. ಇಷ್ಟು ಹೊತ್ತು, ಯಾರೂ ಮುಳ್ಳು ತಿರುಗಿಸದಿದ್ದರೂ, ನನಗೆ ಹೆಚ್ಚುವರಿ ನಿಮಿಷ ಕೊಟ್ಟ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಮೂರನೇ ಬಾಗಿಲ ಗುಟ್ಟು ಗೊತ್ತಿದ್ದವರು ಯಾರಾದರೂ ಇದ್ದರೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂಡಬೇಕೆಂದು ವಿನಂತಿಸಿ, ನಮಸ್ಕಾರ.