ಹಗ್ಗದ ಕೊನೆಯಲ್ಲಿರುವವನು

ಶಾಲಾ ಮಂಡಳಿಯ ಮಾನ್ಯ ಅಧ್ಯಕ್ಷರಾದ ಲಿಂಡ್‌ಕ್ವಿಸ್ಟ್ ಅವರೇ, ಮೂವತ್ತೊಂದು ವರ್ಷ ನನ್ನನ್ನು ಸಹಿಸಿಕೊಂಡ ಶಿಕ್ಷಕ ಬಂಧುಗಳೇ, ಇಂಥ ಚಳಿಯಲ್ಲೂ ನನ್ನನ್ನು ಬೀಳ್ಕೊಡಲು ಬಂದು ಕುಳಿತ ಸಭಿಕರೇ,

ಪಠ್ಯಕ್ರಮ ನಿರ್ದೇಶಕಿ ಎಂದರೆ ಏನು ಕೆಲಸವೆಂದು ನನ್ನ ತಾಯಿ ಕೊನೆಯವರೆಗೂ ಕೇಳುತ್ತಿದ್ದರು. ಆರು ವರ್ಷಕ್ಕೊಮ್ಮೆ ಪರಿಶೀಲನಾ ಸಮಿತಿ ಕೂರುತ್ತದೆ. ಯಾವ ತರಗತಿಯಲ್ಲಿ ಏನು ಕಲಿಸುತ್ತೇವೆಂದು ಬರೆಯುತ್ತೇವೆ, ರಾಜ್ಯದ ಮಾನದಂಡದ ಪಕ್ಕ ಇಟ್ಟು ನೋಡುತ್ತೇವೆ, ಹೊಂದದ್ದನ್ನು ತೆಗೆಯುತ್ತೇವೆ, ಮಂಡಳಿಯ ಮುಂದೆ ಎರಡು ಸಲ ಓದುತ್ತೇವೆ. "ಅಷ್ಟಕ್ಕೆ ಸಂಬಳ ಕೊಡ್ತಾರೇನೇ?" ಎನ್ನುತ್ತಿದ್ದರು ಅಮ್ಮ.

ನನ್ನ ಎರಡನೇ ಪರಿಶೀಲನೆಯ ವರ್ಷ ಎರಡನೇ ತರಗತಿಯ ಶಿಕ್ಷಕಿ ವರ್ನಾ ಕೊಟ್ಟ ಪಟ್ಟಿಯಲ್ಲಿ ಒಂದು ಪಾಠವಿತ್ತು: ಹಗ್ಗದ ಎಣಿಕೆ. ಯಾವ ಪುಸ್ತಕದಲ್ಲೂ ಅದಿರಲಿಲ್ಲ.

"ನಾನು ಕಲಿಸಿದ್ದಲ್ಲ ಐಲಿ," ಎಂದಳು ವರ್ನಾ. "ನಾನು ಊರಿಗೆ ಹೊಸಬಳು. ಮಕ್ಕಳೇ ನಂಗೆ ಹೇಳ್ಕೊಟ್ರು."

ನೋಡಲು ಹೋದೆ. ಹಿಮ ಬೀಳುತ್ತಿತ್ತು. ಅಂಗಳದಲ್ಲಿ ಹದಿನಾಲ್ಕು ಮಕ್ಕಳು ಒಂದೇ ಹಗ್ಗ ಹಿಡಿದು, ಒಬ್ಬೊಬ್ಬರಾಗಿ ತಮ್ಮ ಸಂಖ್ಯೆ ಕೂಗಿದರು. ಹದಿನಾಲ್ಕಾಯಿತು. ಆಮೇಲೆ ಹಗ್ಗದ ಖಾಲಿ ತುದಿಯಿಂದ, ಮೆಲ್ಲಗೆ, "ಹದಿನೈದು".

ಮಕ್ಕಳು ಬೂಟಿನ ಹಿಮ ಕೊಡವಿ ಒಳಗೆ ನಡೆದರು. ಅದು ಯಾರೆಂದು ಒಬ್ಬಳನ್ನು ಕೇಳಿದೆ.

"ಕೊನೇಲಿರೋನು ಮಿಸ್. ಅವ್ನು ಹೇಳಿದ್ಮೇಲೇ ನಾವು ಒಳಗೆ ಬರೋದು."

ಮಾನದಂಡಕ್ಕೆ ಹೊಂದುವುದಿಲ್ಲವೆಂದು ಬರೆದು ಆ ಪಾಠವನ್ನು ತೆಗೆಸಿದೆ. ಸಮಿತಿ ಒಪ್ಪಿತು, ಮಂಡಳಿ ಕೈ ಎತ್ತಿ ಅನುಮೋದಿಸಿತು. ಮಾನದಂಡಕ್ಕಾಗಿಯೇ ತೆಗೆಸಿದೆನೇ? ಸಭಿಕರೇ, ಇನ್ನು ಹೇಳುವುದು ನನ್ನ ಕೈಯಲ್ಲಿರುವ ಭಾಷಣದ ಹಾಳೆಯಲ್ಲಿಲ್ಲ.

ನಾನು ಅದೇ ತರಗತಿಯಲ್ಲಿದ್ದಾಗ, ಹಿಮಗಾಳಿ ಎದ್ದ ಒಂದು ದಿನ ಶಾಲೆಯನ್ನು ಬೆಚ್ಚಗಿಡುವ ಒಲೆ ಕೆಟ್ಟಿತು. ಟೀಚರ್ ನಮಗೆಲ್ಲ ಹಗ್ಗ ಹಿಡಿಸಿ ಚರ್ಚಿಗೆ ಕರೆದೊಯ್ದರು. ಬಾಗಿಲಲ್ಲಿ ಎಣಿಕೆ. ನಾನು ಹತ್ತೊಂಬತ್ತು, ನನ್ನ ಹಿಂದೆ ಕೊನೆಯವನು, ತೌನೊ, ಇಪ್ಪತ್ತು. ತಿರುಗಿ ನೋಡಿದರೆ ಬರೀ ಬಿಳುಪು. ಕೈ ಮರಗಟ್ಟಿತ್ತು. ಇಪ್ಪತ್ತು ಕೇಳದೆ ಟೀಚರ್ ಬಾಗಿಲು ತೆರೆಯುವಂತಿರಲಿಲ್ಲ. ನಾನೇ ದನಿ ಬದಲಿಸಿ "ಇಪ್ಪತ್ತು" ಎಂದೆ. ಬಾಗಿಲು ತೆರೆಯಿತು. ತೌನೊ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಹಿಮ ಕರಗಿದ ಮೇಲೆ.

ಪಾಠ ತೆಗೆಸಿದ ಮೇಲೆ, ಮುಂದಿನ ಚಳಿಗಾಲದ ಮೊದಲ ಹಿಮ ಬಿದ್ದ ದಿನ ವರ್ನಾ ಫೋನ್ ಮಾಡಿದಳು. "ಮಕ್ಕಳು ಒಳಗೆ ಬರ್ತಿಲ್ಲ ಐಲಿ. ಅವನನ್ನ ಬಿಟ್ಟು ಬರಲ್ಲ ಅಂತಾವೆ. ಏನ್ ಮಾಡ್ಲಿ?"

ಹೋಗಿ ಹಗ್ಗದ ಕೊನೆಯಲ್ಲಿ ನಿಂತೆ. ಆ ವರ್ಷವೂ ಹದಿನಾಲ್ಕೇ ಮಕ್ಕಳು; ಒಬ್ಬೊಬ್ಬರಾಗಿ ಕೂಗಿದರು. ನಾನು "ಹದಿನೈದು" ಎಂದೆ, ಈ ಸಲ ಅವನ ಸಂಖ್ಯೆಯನ್ನು ಅವನಿಗೇ ಬಿಟ್ಟೆ. ಬಹಳ ಹೊತ್ತು ಕಾದೆ. ಕೈಗವಸಿಲ್ಲದ ಒಂದು ಪುಟ್ಟ ಕೈ ಬಂದು ನನ್ನ ಕೈ ಹಿಡಿಯಿತು. "ಹದಿನಾರು." ಎಲ್ಲರೂ ಒಳಗೆ ನಡೆದೆವು. ಹೊಸ್ತಿಲು ದಾಟುವಾಗ ನನ್ನ ಕೈ ಖಾಲಿಯಾಗಿತ್ತು.

ಪಾಠವನ್ನು ಮತ್ತೆ ಸೇರಿಸಿ ಎಂದು ಮಂಡಳಿಯ ಮುಂದೆ ನಿಂತಾಗ, ಇದು ಯಾವ ವಿಷಯದಡಿ ಬರುತ್ತದೆಂದು ಕೇಳಿದವರು ನೀವೇ, ಲಿಂಡ್‌ಕ್ವಿಸ್ಟ್ ಅವರೇ. ಗಣಿತ ಎಂದೆ. ನೀವು ನಕ್ಕು ಸಹಿ ಹಾಕಿದಿರಿ. ಈಗ ಬರುವ ವರ್ಷ ಮತ್ತೆ ಪರಿಶೀಲನೆಯಿದೆ. ನನ್ನ ಜಾಗಕ್ಕೆ ಬಂದ ಹೊಸ ನಿರ್ದೇಶಕರು ಆ ಪಾಠದ ಸಾಲಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರಂತೆ. ಅವರಿಗೆ ನನ್ನ ಉತ್ತರ ಇದು.

ಮೂರನೇ ಸಾಲಿನಲ್ಲಿ ತೌನೊನ ತಂಗಿ ಲೆಂಪಿ ಕುಳಿತಿದ್ದಾಳೆ. ಐವತ್ತು ವರ್ಷ ನನ್ನ ಜೊತೆ ಕಾಫಿ ಕುಡಿದವಳು ಇದನ್ನು ಈಗಷ್ಟೇ ಕೇಳಿದಳು. ಲೆಂಪಿ, ಕೋಟು ಹಾಕಿಕೊಳ್ಳುತ್ತಿದ್ದೀಯ. ನಿಲ್ಲು ಎನ್ನುವ ಬಾಯಿ ನನಗಿಲ್ಲ.

ನೀವೆಲ್ಲ ಕೊಟ್ಟ ಗಡಿಯಾರಕ್ಕೆ, ಇಷ್ಟು ಹೊತ್ತು ಕೇಳಿದ ತಾಳ್ಮೆಗೆ ವಂದನೆಗಳು. ನಮಸ್ಕಾರ.