ಫೋನಿನೊಳಗಿನ ‘ಬಘತೋ’

ಮಗ್ಗದ ನೂಲಿಗೆ ಹಚ್ಚುವ ಗಂಜಿಯ ವಾಸನೆ ಹೌಸಾಬಾಯಿಗೆ ಚಿಕ್ಕಂದಿನಿಂದಲೂ ಗೊತ್ತು. ಇಚಲಕರಂಜಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಬಂದು ಕೂತ ಇಬ್ಬರ ಬಟ್ಟೆಯಲ್ಲೂ ಅದೇ ವಾಸನೆ. ಗಿರಣಿಯ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ಎಂದು ಮಾತಿನಿಂದ ತಿಳಿಯಿತು.

“ಹಾಜರಿ ಪಟ್ಟಿಯೊಳಗ ಹೆಸರು ಹಾರಿಹೋಗೂದು ಮಷೀನಿನ ತಪ್ಪಂತ್ರಿ, ತಾರಕ್ಕ, ನನ್ನ ಪ್ರೋಗ್ರಾಮಿಂದಲ್ಲ. ಮಷೀನ್ ಕಂಪನಿಯವ್ರು ಕೊಲ್ಹಾಪುರದ ಗಿರಣಿಗೆ ಆರು ತಿಂಗಳ ಹಿಂದನ ಪತ್ರ ಬರದಾರ.”

“ನಿನಗೇನಂದಿದ್ರು, ಯಲಗೂರಪ್ಪ?”

“ಫೋನ್ ಮಾಡಿದಾಗೆಲ್ಲ ಮರಾಠಿಯೊಳಗ ‘ಬಘತೋ’, ನೋಡ್ತೀನಿ ಅಂದ್ರು. ಖರೇನ ನೋಡಾಕತ್ತಾರ ಅಂತ ನಂಬಿದ್ದೆ.”

“ಅವರ ಬಘತೋ ಅಂದ್ರ, ಫೋನ್ ಇಡು ಅಂತಪಾ.”

“ನಗಬ್ಯಾಡ್ರಿ. ಅವ್ರು ಏನೂ ಹೇಳದ್ದಕ್ಕ, ತಪ್ಪು ನಂದ ಅಂತ ನಮ್ಮ ಗಿರಣಿ ಸಾಹೇಬ್ರಿಗೆ ಬರಕೊಟ್ಟಿದ್ದೆ.”

“ಕಂಪನಿಯವ್ರ ಆ ಪತ್ರ ಸಾಹೇಬ್ರಿಗೆ ತೋರಸು.”

“ತೋರಿಸಿದೆ. ‘ನೀನ ಒಪ್ಪೀಯಲ್ಲ’ ಅಂದು ಕೆಲಸದಿಂದ ತಗದ್ರು.”

ಗಡಹಿಂಗ್ಲಜದ ಬಸ್ಸು ಬಂತು. ಯಲಗೂರಪ್ಪ ಹತ್ತುವಾಗ ತಾರಕ್ಕ ತನ್ನ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟಳು.