ಭಾವನಿಗೆ ಕಾಣುವ ಸೇತುವೆ

ಕಣ್ಣು ಮಂಜಾಗಿದೆ ಎಂದ ಭಾವನನ್ನು ಭಾಮೈದ ಕಣ್ಣಿನ ಆಸ್ಪತ್ರೆಗೆ ಕರೆತಂದಿದ್ದ. ಹನಿ ಹಾಕಲು ಬಂದ ನರ್ಸಮ್ಮನ ಕಿವಿ ಅವರ ಮಾತಿಗೆ ನೆಟ್ಟಗಾಯಿತು.

“ಭಾವ, ಆನ್‌ಲೈನ್ ವಿಮಾನದಾಟದಲ್ಲಿ ನಿಮ್ಮ ಬಾಂಬೆಲ್ಲ ಹೊಳೆಗೆ ಬೀಳ್ತಿತ್ತು. ಈ ವಾರ ಮೂರು ಸೇತುವೆ ಉರುಳಿಸಿದ್ರಿ. ಹೇಗೆ?”

“ವೇಗ ಬದಲಿಸಬಾರದು, ರೆಕ್ಕೆ ಅಲುಗಬಾರದು. ಸೇತುವೆ ವಿಮಾನದ ಮೂಗಿನಡಿ ಮರೆಯಾದ್ಮೇಲೆ ಎರಡು ಎಣಿಸಿ ಬಿಡ್ಬೇಕು.”

“ಮರೆಯಾಗೋದು ಕಾಣುತ್ತಾ?”

“ಸ್ಪಷ್ಟವಾಗಿ.”

“ನಮ್ಮಮ್ಮನ್ನ ಕಾರಲ್ಲಿ ಕರ್ಕೊಂಡು ಬನ್ನಿ ಅಂದ್ರೆ ಮಾತ್ರ ರಸ್ತೆಯೆಲ್ಲ ಮಂಜಾಗುತ್ತೆ.”

ಭಾವ ಕಣ್ಣುಜ್ಜಿಕೊಂಡ. “ಅದು ಬೇರೆ ಕಣಯ್ಯ.”

ಅಷ್ಟರಲ್ಲಿ ಒಳಗಿನಿಂದ ಡಾಕ್ಟರು ಕರೆದರು. ಭಾವ ಗೋಡೆ ತಡವುತ್ತ ಹೊರಟ. ದಾರಿಗಡ್ಡ ಇದ್ದ ನೆಲ ಒರೆಸುವ ಬಕೆಟ್ಟನ್ನು ಮಾತ್ರ ಕಾಲು ತಗಲದಂತೆ ದಾಟಿದ.

“ಎರಡು ಎಣಿಸಿದ್ರಾ ಭಾವ?” ಎನ್ನುತ್ತ ಭಾಮೈದ ಹಿಂದೆಯೇ ನಡೆದ.

ನರ್ಸಮ್ಮ ಹನಿ ಹಾಕದೆಯೇ ಬಾಟಲಿಯ ಮುಚ್ಚಳ ಮುಚ್ಚಿದರು.